ಫೋನಿನ ಜಾಗ, ಹಸುವಿನ ಜಾಗ

ಕೆಲಸ ಹೇಳುವುದಕ್ಕೆ ಸರಳವಾಗಿತ್ತು. ಒಂದೇ ವೆಬ್ ಅಪ್ಲಿಕೇಶನ್. ಅದನ್ನು ಮೂರು ಬೇರೆ ಬೇರೆ ಮಾಡೆಲಿಂಗ್ ಪದ್ಧತಿಗಳಲ್ಲಿ ರೂಪಿಸಿ, ಮೂರು ತಾಲ್ಲೂಕುಗಳಲ್ಲಿ ನಡೆಸಿ ನೋಡಿ, ಯಾವ ಪದ್ಧತಿಯನ್ನು ಇಟ್ಟುಕೊಳ್ಳಬೇಕೆಂದು ನಾನು ಬರೆದುಕೊಡಬೇಕು. ಚನ್ನರಾಯಪಟ್ಟಣಕ್ಕೊಂದು, ಹೊಳೆನರಸೀಪುರಕ್ಕೊಂದು, ಅರಕಲಗೂಡಿಗೊಂದು. ನಾನು ಕೂರುವುದು ಹಾಸನದಲ್ಲಿ.

ಅಪ್ಲಿಕೇಶನ್ ದನದ ಡಾಕ್ಟರ ವ್ಯಾನಿನದು. ಹಳ್ಳಿಯವರು ಫೋನಿನಲ್ಲಿ ಪುಟ ತೆರೆದು ಹಸುವಿಗೇನಾಗಿದೆ ಎಂದು ಒತ್ತಿ ಕಳಿಸಿದರೆ ಆ ತಾಲ್ಲೂಕಿನ ವ್ಯಾನು ಡಾಕ್ಟರನ್ನು ಕರೆದುಕೊಂಡು ಹೋಗಬೇಕು. ಈ ಸೇವೆ ನಡೆಸುವ ಖಾಸಗಿ ಸಂಸ್ಥೆಯ ಮುಖ್ಯಸ್ಥ ಒಂದು ಕಾಲದಲ್ಲಿ ಪಾಲಿಟೆಕ್ನಿಕ್‌ನಲ್ಲಿ ನನ್ನ ವಿದ್ಯಾರ್ಥಿ. ನಾನು ನಿವೃತ್ತಿಯಾಗಿ ಮನೆಯಲ್ಲಿದ್ದಾಗ ಅವನೇ ಬಂದು ಕೇಳಿದ.

"ಮೇಡಂ, ನಿಮ್ಮಷ್ಟು ಕಟ್ಟುನಿಟ್ಟಿನೋರು ನಂಗೆ ಬೇರೆ ಸಿಗಲ್ಲ. ನಮ್ಮ ಹುಡುಗರು ಅವರವರ ಪದ್ಧತೀನೇ ದೊಡ್ಡದು ಅಂತ ಜಗಳ ಆಡ್ತಾರೆ. ನೀವು ಅಳೆದು ಹೇಳಿ."

"ಅಳೆದ ಮೇಲೆ ಒಪ್ಕೋತೀಯೇನಪ್ಪ?"

"ಒಪ್ಕೋತೀನಿ. ಇನ್ನೊಂದು ವಿಷಯ. ಪದ್ಧತಿ ತೀರ್ಮಾನ ಆದ್ಮೇಲೆ ಡಿಪ್ಲೊಮಾ ಮುಗಿಸಿದ ಇಲ್ಲಿನ ಮಕ್ಕಳಿಗೆ ಒಂದು ತರಗತಿ ಶುರು ಮಾಡೋಣ ಅಂತಿದೀನಿ. ಆ ಪದ್ಧತೀಲಿ ಪಳಗಿಸೋಕೆ. ಪಾಠ ಮಾಡೋರು ನೀವೇ."

ನಾನು ಒಪ್ಪಿದ್ದು ಆ ಕೊನೆಯ ಮಾತಿಗೆ. ಮದುವೆಯಾದವಳಲ್ಲ. ಬೆಳೆದದ್ದು ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿನಲ್ಲಿ. ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ, ದೀಪ ಆರಿಸುವುದಕ್ಕೆ ಗಂಟೆ. ಆಮೇಲೆ ಪಾಲಿಟೆಕ್ನಿಕ್‌ನಲ್ಲೂ ಗಂಟೆ. ನಿವೃತ್ತಿಯ ನಂತರ ಗಂಟೆ ಇಲ್ಲದಿದ್ದರೂ ಅದೇ ಹೊತ್ತಿಗೆ ಎದ್ದು, ಅದೇ ಹೊತ್ತಿಗೆ ಸೀರೆಯುಟ್ಟು ತಯಾರಾಗುತ್ತಿದ್ದೆ. ತಯಾರಾದ ಮೇಲೆ ಹೋಗಬೇಕಾದ ಜಾಗವಿರಲಿಲ್ಲ. ಕೆಲವು ದಿನ ಬೆಳಿಗ್ಗೆ ಹಾಲಿನವನಿಗೆ ಆಡಿದ ಮಾತು ಬಿಟ್ಟರೆ ರಾತ್ರಿಯವರೆಗೆ ನನ್ನ ಧ್ವನಿಯನ್ನು ನಾನೇ ಕೇಳಿರುತ್ತಿರಲಿಲ್ಲ.

ನನಗೆ ಕೊಟ್ಟದ್ದು ಸಂಸ್ಥೆಯ ಔಷಧಿ ದಾಸ್ತಾನಿನ ಮೇಲಿನ ಕೋಣೆ. ಕಿಟಕಿಯಿಂದ ಮಾರುಕಟ್ಟೆ ಅಂಗಳಕ್ಕೆ ಹೋಗುವ ಆಲೂಗಡ್ಡೆ ಲಾರಿಗಳು ಕಾಣುತ್ತಿದ್ದವು. ಪಕ್ಕದಲ್ಲಿ ಒಂದು ದೊಡ್ಡ ಹಾಲ್, ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಬೆಂಚುಗಳು. ತರಗತಿ ನಡೆಯಬೇಕಾದದ್ದು ಅಲ್ಲೇ. ಸೇರಿದ ವಾರವೇ ಆ ಬೆಂಚುಗಳನ್ನು ಇಳಿಸಿ, ಒರೆಸಿ, ಸಾಲಾಗಿ ಇಟ್ಟೆ. ಯಾರೂ ಹೇಳಿರಲಿಲ್ಲ.

ಸಂದರ್ಭ ಅರಿತು ನಡೆಯುವ ಅಪ್ಲಿಕೇಶನ್ ಎಂದರೆ, ತೆರೆದವರು ಯಾರು, ಎಲ್ಲಿದ್ದಾರೆ, ಹೊತ್ತೆಷ್ಟು, ಸಿಗ್ನಲ್ ಹೇಗಿದೆ ಎಂಬುದನ್ನು ನೋಡಿಕೊಂಡು ಅದೇ ಪುಟ ಬೇರೆ ಬೇರೆಯಾಗಿ ನಡೆದುಕೊಳ್ಳುವುದು. ಡಾಕ್ಟರು ತೆರೆದರೆ ಹತ್ತಿರದ ಕರೆ ಮೇಲೆ ಬರಬೇಕು. ರೈತರು ತೆರೆದರೆ ವ್ಯಾನು ಎಲ್ಲಿಗೆ ಬಂತೆಂದು ಕಾಣಬೇಕು. ಸಿಗ್ನಲ್ ಕಡಿಮೆಯಿದ್ದ ಕಡೆ ಚಿತ್ರ ಬಿಟ್ಟು ಅಕ್ಷರ ಮಾತ್ರ ಬರಬೇಕು. ಪ್ರೋಗ್ರಾಂ ಬರೆಯುವ ಮುಂಚೆ ಇದನ್ನೆಲ್ಲ ನಕ್ಷೆಯಾಗಿ ಬರೆದುಕೊಳ್ಳುತ್ತೇವೆ, ಮನೆ ಕಟ್ಟುವ ಮುಂಚೆ ಬರೆಯುವ ಹಾಗೆ. ಆ ನಕ್ಷೆ ಬರೆಯುವ ಕ್ರಮವೇ ಮಾಡೆಲಿಂಗ್ ಪದ್ಧತಿ.

ಮೊದಲ ಪದ್ಧತಿ ಪುಟಗಳಿಂದ ಶುರುವಾಗುತ್ತದೆ. ಪ್ರತಿ ಪುಟಕ್ಕೂ ಒಂದು ಚೌಕ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ಬಾಣ. ಯಾವ ಪುಟ ಸಂದರ್ಭಕ್ಕೆ ತಕ್ಕಂತೆ ಬದಲಾಗಬೇಕೋ ಅದರ ಮೂಲೆಯಲ್ಲಿ ಒಂದು ಗುರುತು. ನಾನು ವರ್ಷಗಟ್ಟಲೆ ಪಾಠ ಮಾಡಿದ್ದು ಇದನ್ನೇ. ಎರಡನೆಯದರಲ್ಲಿ ಸಂದರ್ಭವೇ ಇಲ್ಲವೆಂಬಂತೆ ಮೂಲ ನಕ್ಷೆ ಬರೆದು, ನಿಯಮಗಳನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯುತ್ತಾರೆ: ಹೀಗಾದಾಗ, ಹೀಗಿದ್ದರೆ, ಹೀಗೆ ಮಾಡು. ಮೂರನೆಯದು ತಲೆಕೆಳಗು. ಅದರಲ್ಲಿ ಮೊದಲು ಸಂದರ್ಭ, ಕೊನೆಗೆ ಪುಟ. ಪ್ರತಿ ಮಾಹಿತಿಗೂ ಬಾಲ ಕಟ್ಟಬೇಕು: ಇದನ್ನು ಹೇಳಿದವರು ಯಾರು, ಯಾವಾಗ ಹೇಳಿದ್ದು, ಎಷ್ಟು ಖಚಿತ, ಎಷ್ಟು ಹೊತ್ತು ನಂಬಬಹುದು.

ಮೂರಕ್ಕೂ ಒಬ್ಬೊಬ್ಬ ಪ್ರೋಗ್ರಾಮರ್. ಮೂವರೂ ಅವರವರ ಮನೆಯಿಂದಲೇ ಕೆಲಸ ಮಾಡುವವರು. ನನಗೆ ಅವರು ಪರದೆಯ ಮೇಲಿನ ಮುಖಗಳು, ಎಷ್ಟೋ ಸಲ ಮುಖವೂ ಇಲ್ಲ, ಹೆಸರಿನ ಮೊದಲಕ್ಷರ ಮಾತ್ರ. ಮಾತು ಮುಗಿಯುತ್ತಿದ್ದಂತೆ ಪರದೆ ಕಪ್ಪಾಗುತ್ತಿತ್ತು, ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ಅಳೆಯುವ ಕ್ರಮ ನಾನು ಹಾಕಿದ್ದು ಹೀಗೆ. ಮೂವರಿಗೂ ಒಂದೇ ಬೇಡಿಕೆ ಪತ್ರ. ಆಮೇಲೆ ಒಂದೇ ಬದಲಾವಣೆಯನ್ನು ಮೂವರಿಗೂ ಒಂದೇ ಬೆಳಿಗ್ಗೆ ಕೊಡುವುದು. ಎಷ್ಟು ಬೇಗ ಮಾಡಿದರು, ನಕ್ಷೆಯ ಎಷ್ಟು ಕಡೆ ಕೈ ಹಾಕಬೇಕಾಯಿತು, ಬೇರೆಯವರಿಗೆ ನಕ್ಷೆ ಓದಲು ಬರುತ್ತದೆಯೇ, ನಡೆಸುವಾಗ ಎಷ್ಟು ಸಲ ಎಡವಿತು, ಇಷ್ಟು ಕಲಮುಗಳು.

ಮಳೆಗಾಲದಲ್ಲಿ ಹಳ್ಳದ ದಾರಿ ಮುಚ್ಚಿದ್ದರೆ ವ್ಯಾನಿಗೆ ಸುತ್ತು ದಾರಿ ತೋರಿಸಬೇಕು ಎಂದು ಒಂದು ಬದಲಾವಣೆ ಕೊಟ್ಟೆ. ಪುಟದ ಪದ್ಧತಿಯವನು ಊಟದ ಹೊತ್ತಿಗೆ ಮುಗಿಸಿದ. ನಿಯಮದ ಪದ್ಧತಿಯವನದು ಬೇಗ ಮುಗಿದರೂ ನಡೆಸಿ ನೋಡಿದಾಗ ಜಗಳ ಬಿತ್ತು. ಸಿಗ್ನಲ್ ಕಡಿಮೆಯಿದ್ದರೆ ದಾರಿಯ ಮ್ಯಾಪು ತೆಗೆದುಹಾಕು ಎಂದು ಒಂದು ನಿಯಮ, ದಾರಿ ಮುಚ್ಚಿದ್ದರೆ ಮ್ಯಾಪು ತೋರಿಸು ಎಂದು ಇನ್ನೊಂದು. ಮಳೆಯಲ್ಲಿ ಎರಡೂ ಒಟ್ಟಿಗೆ ಎದ್ದು, ಪುಟ ಬಂದು ಹೋಗಿ ಬಂದು ಹೋಗಿ ಮಿನುಗುತ್ತಾ ಕುಳಿತಿತು. ಯಾವ ನಿಯಮ ಮೊದಲು ಎಂಬ ಪಟ್ಟಿ ಮಾಡಿಸಿ ಸರಿಪಡಿಸಿದೆವು.

ಮೂರನೆಯ ಪದ್ಧತಿಯವಳು ಗೊರೂರಿನವಳು. ಅವಳು ಎಲ್ಲರಿಗಿಂತ ತಡ.

"ಇನ್ನೂ ಆಗಿಲ್ವೇನಮ್ಮ?" ಎಂದು ಕೇಳಿದರೆ, "ದಾರಿ ಮುಚ್ಚಿದೆ ಅಂತ ಹೇಳೋರು ಯಾರು ಅಂತ ನಿಮ್ಮ ಪತ್ರದಲ್ಲಿ ಇಲ್ವಲ್ಲ ಮೇಡಂ" ಎಂದಳು.

"ಡ್ರೈವರ್ ಹೇಳ್ತಾನೆ ಅಂತ ಹಾಕ್ಕೊ."

"ನೀರು ಇಳಿದ ಮೇಲೆ ದಾರಿ ತೆರೆದಿದೆ ಅನ್ನೋದು ಯಾರು ಹೇಳ್ತಾರೆ? ಡ್ರೈವರ್ ಆ ಕಡೆ ಹೋಗೋದೇ ಇಲ್ವಲ್ಲ."

ಪ್ರಶ್ನೆ ಸರಿಯಾಗಿತ್ತು. ಆದರೂ 'ಬೇಗ' ಎಂಬ ಕಲಮಿನಲ್ಲಿ ಅವಳಿಗೆ ಕಡಿಮೆ ಅಂಕ ಬರೆದೆ.

ನಕ್ಷೆ ಓದುವ ಪರೀಕ್ಷೆಗೆ ಡಾಕ್ಟರುಗಳನ್ನೇ ಕರೆಸಿದ್ದೆ. ಚನ್ನರಾಯಪಟ್ಟಣದ ಡಾಕ್ಟರು ಪುಟದ ನಕ್ಷೆಯ ಮೇಲೆ ಬೆರಳಿಟ್ಟು ಬಸ್ಸಿನ ಮಾರ್ಗ ಓದಿದ ಹಾಗೆ ಓದಿದರು. ಅರಕಲಗೂಡಿನ ಡಾಕ್ಟರು ಮೂರನೆಯ ನಕ್ಷೆಯನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು.

"ಏನ್ ಮೇಡಂ ಇದು, ಜೇಡರ ಬಲೆ ಇದ್ದಂಗಿದೆ. ನಾನು ನೋಡ್ಬೇಕಾಗಿರೋದು ಹಸೂನಾ, ಇದನ್ನಾ?"

"ಎರಡೂ ಅಲ್ಲ, ಕಾಫಿ ಕುಡಿದು ಹೊರಡಿ" ಎಂದೆ. ಅವರು ನಕ್ಕರು. ಆ ಕೋಣೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಇನ್ನೊಂದು ಲೋಟ ತರಿಸಿದೆ.

ಆಮೇಲೆ ಹಳ್ಳಿಗಳಲ್ಲಿ ನಡೆಸುವ ಹಂತ. ಪುಟದ ಪದ್ಧತಿಯದು ಚನ್ನರಾಯಪಟ್ಟಣಕ್ಕೆ, ನಿಯಮದ್ದು ಹೊಳೆನರಸೀಪುರಕ್ಕೆ, ಮೂರನೆಯದು ಅರಕಲಗೂಡಿಗೆ. ತಾಲ್ಲೂಕುಗಳನ್ನು ನಡುವೆ ಅದಲುಬದಲು ಮಾಡಬೇಕು, ಇಲ್ಲದಿದ್ದರೆ ಗೆದ್ದದ್ದು ಪದ್ಧತಿಯೋ ಡ್ರೈವರೋ ತಿಳಿಯುವುದಿಲ್ಲ ಎಂದು ನಾನು ಹೇಳಿದೆ. ಅಷ್ಟು ಸಮಯವಿಲ್ಲ ಎಂದ ಮುಖ್ಯಸ್ಥ. ಅದನ್ನು ವರದಿಯ ಕೊರತೆಗಳಲ್ಲಿ ಬರೆದುಕೊಂಡು ಮುಂದುವರಿದೆ.

ದಿನವೂ ಎಂಟಕ್ಕೆ ಕೋಣೆಗೆ ಹೋಗಿ ಮೂರೂ ಕಡೆಯ ಹಿಂದಿನ ದಿನದ ಕರೆಗಳನ್ನು ತೆರೆದು, ಕರೆ ಬಂದ ಹೊತ್ತು, ವ್ಯಾನು ಮುಟ್ಟಿದ ಹೊತ್ತು, ಎಡವಿದ್ದೆಲ್ಲಿ ಎಂದು ಬರೆದುಕೊಳ್ಳುತ್ತಿದ್ದೆ. ಚನ್ನರಾಯಪಟ್ಟಣದ್ದು ಎಲ್ಲದರಲ್ಲೂ ಮುಂದು. ಒತ್ತಿದರೆ ಮುಗಿಯಿತು, ವ್ಯಾನು ಹೊರಟಿತು. ಹೊಳೆನರಸೀಪುರ ಮಧ್ಯಮ. ಅರಕಲಗೂಡಿನಿಂದ ಬರೀ ದೂರು. ಕರೆ ಕಳಿಸಿದ ತಕ್ಷಣ ಅಲ್ಲಿನ ಪುಟ ಮತ್ತೆ ಕೇಳುತ್ತಿತ್ತು: ಹಸು ನೀವಿರುವ ಕಡೆಯೇ ಇದೆಯೇ, ಬೇರೆ ಕಡೆಯೇ, ಗೊತ್ತಿಲ್ಲವೇ? "ಪೊಲೀಸ್ ಸ್ಟೇಷನ್ನಾಗೆ ಕೇಳ್ದಂಗೆ ಕೇಳ್ತದೆ ಸಾ" ಎಂದು ಜನ ಡಾಕ್ಟರಿಗೆ ಹೇಳಿದ್ದರು. 'ಬಳಸುವವರಿಗೆ ಕಿರಿಕಿರಿ' ಎಂದು ನಾನು ಬರೆದೆ.

ಮುಖ್ಯಸ್ಥ ಮೆಟ್ಟಿಲು ಹತ್ತಿ ಬಂದು ಅಂಕಪಟ್ಟಿ ನೋಡಿದ. "ನಾನು ಅಂದ್ಕೊಂಡಿದ್ದೇ ಬಂತು. ರಿಪೋರ್ಟು ಮುಗಿಸಿಬಿಡಿ ಮೇಡಂ. ತರಗತಿಗೆ ಬೋರ್ಡು ಬರೆಸೋಕೆ ಹೇಳ್ತೀನಿ." ಹೋಗುವಾಗ ಹಾಲ್‌ನ ಬಾಗಿಲಲ್ಲಿ ನಿಂತು, ಸಾಲಾಗಿಟ್ಟ ಬೆಂಚುಗಳನ್ನು ನೋಡಿ, "ಓ, ಆಗ್ಲೇ ರೆಡಿ ಮಾಡಿದೀರಾ!" ಎಂದ. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಆ ದಿನ ಮನೆಗೆ ಹೋಗಿ ಮೊದಲ ಪಾಠದ ಟಿಪ್ಪಣಿ ಬರೆಯಲು ಕೂತೆ.

ವರದಿಯ ಕೊನೆಯ ಭಾಗ ಬರೆಯುತ್ತಿದ್ದಾಗ ಚನ್ನರಾಯಪಟ್ಟಣದ ಡಾಕ್ಟರ ಫೋನು ಬಂತು.

"ಮೇಡಂ, ಒಂದು ಹಸು ಹೋಯ್ತು."

"ಏನಾಗಿತ್ತು?"

"ಕರು ಹಾಕಿದ ಮಾರನೇ ದಿನ ನೆಲ ಹಿಡಿದಿತ್ತು. ಹಾಲು ಜ್ವರ. ಬೇಗ ಹೋಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟಿದ್ರೆ ನಮ್ಮ ಕಣ್ಣೆದುರಿಗೇ ಎದ್ದು ನಿಲ್ತಿತ್ತು. ನಿಮ್ಮ ಪುಟ ತೋರಿಸಿದ ಜಾಗಕ್ಕೆ ನಾವು ಬೇಗಾನೇ ಹೋದೋ. ಅದು ಹಾಲಿನ ಡೈರಿ. ಬಾಗಿಲು ಹಾಕಿತ್ತು, ಅಲ್ಲಿ ಹಸೂನೂ ಇಲ್ಲ, ಜನಾನೂ ಇಲ್ಲ. ಫೋನ್ ಮಾಡಿದ್ರೆ ಸಂಪರ್ಕಕ್ಕೆ ಸಿಗಲಿಲ್ಲ. ಕಾದೋ. ಅಷ್ಟರಲ್ಲಿ ಪುಟ ಮುಂದಿನ ಕರೆ ತೋರಿಸ್ತು, ಅಲ್ಲಿಗೆ ಹೋದೋ."

"ಹಸು ಎಲ್ಲಿತ್ತು?"

"ಕೆರೆ ಏರಿ ಕೆಳಗೆ, ಗದ್ದೆ ಕೊಟ್ಟಿಗೇಲಿ."

ನನ್ನ ಅಂಕಪಟ್ಟಿ ತೆರೆದು ನೋಡಿದೆ. ಆ ಕರೆಯ ಮುಂದೆ ವ್ಯಾನು ಮುಟ್ಟಿದ ಹೊತ್ತು ದಾಖಲಾಗಿತ್ತು. ಲೆಕ್ಕದ ಪ್ರಕಾರ ಅದು ಯಶಸ್ವಿ ಕರೆ.

ಮಾರನೆಯ ದಿನ ಚನ್ನರಾಯಪಟ್ಟಣದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಬದಲಿಸಿ, ಸಂಜೆ ಹಾಲು ಹಾಕುವ ಹೊತ್ತಿಗೆ ಆ ಡೈರಿಗೆ ಹೋದೆ. ಕ್ಯಾನು ಹಿಡಿದು ಹೆಂಗಸರು ಸಾಲು ನಿಂತಿದ್ದರು. ಸುಮ್ಮನೆ ಕಟ್ಟೆಯ ಮೇಲೆ ಕೂತು ನೋಡಿದೆ. ಸಾಲಿನಲ್ಲಿ ನಿಂತವರು ಸೆರಗಿನ ಮರೆಯಿಂದ ಫೋನು ತೆಗೆದು ಡೇಟಾ ಆನ್ ಮಾಡುತ್ತಿದ್ದರು. ಟಣ್ ಟಣ್ ಎಂದು ಬೆಳಗಿನಿಂದ ನಿಂತಿದ್ದ ಮೆಸೇಜುಗಳೆಲ್ಲ ಬರುತ್ತಿದ್ದವು. ಹಾಲು ಅಳೆದಾದ ಮೇಲೆ ಡೇಟಾ ಆಫ್ ಮಾಡಿ ಕೆರೆ ಏರಿ ಇಳಿದು ಹೋಗುತ್ತಿದ್ದರು.

ಹಾಲು ಅಳೆಯುತ್ತಿದ್ದ ಕಾರ್ಯದರ್ಶಿ ನಲವತ್ತರ ಹೆಂಗಸು. ನಾನು ಯಾರೆಂದು ಹೇಳಿದ ಮೇಲೆ ಕೇಳಿದೆ: "ಡಾಕ್ಟರನ್ನ ಕರೆಯೋದನ್ನ ಎಲ್ಲರೂ ಇಲ್ಲಿಂದಲೇ ಒತ್ತುತ್ತಾರಾ?"

"ಇನ್ನೆಲ್ಲಿಂದ ಒತ್ತಾರು? ಏರಿ ಇಳಿದ್ರೆ ಸಿಗ್ನಲ್ ಸತ್ತೋಯ್ತದೆ. ಅಲ್ದೆ ಡಾಕ್ಟ್ರು ಬೇಕು ಅಂದ್ರೆ ಮೊದ್ಲಿಂದ್ಲೂ ಡೈರೀಲೇ ಏಳೋದು ಕಣಮ್ಮ. ಮನೇಲಿ ಕುಂತ್ಕಂಡು ಯಾರಿಗೆ ಏಳಾನೆ?"

"ಹಸು ಇಲ್ಲಿ ಇರಲ್ವಲ್ಲ?"

"ಇಂಜೆಕ್ಷನ್ ಕೊಡ್ಸೋದಿದ್ರೆ ಇಲ್ಲಿಗೇ ಒಡ್ಕಂಡು ಬತ್ತಾರೆ. ಅಗೋ, ಕಟ್ಟಾಕೆ ಕಂಬ ಇಲ್ವಾ? ನಡಿಯೋ ಅಸ ಬತ್ತದೆ. ಬಿದ್ದಿರೋ ಅಸ ಎಂಗೆ ಬಂದಾತು?"

ಸಾಲಿನಲ್ಲಿದ್ದ ಒಬ್ಬಳು, "ಮೇಡಮ್ಮಾರೆ, ಇವಳ ಗಂಡನ್ನ ಉಡ್ಕಾಕೂ ಅದ್ರಾಗೆ ಒಂದು ಬಟನ್ ಇಡಿ. ಅವ ಎಲ್ಲವ್ನೆ ಅಂತ ಇವ್ಳಿಗೇ ಗೊತ್ತಿರಾಕಿಲ್ಲ" ಎಂದಳು.

"ಅವ್ನು ಓಟ್ಲಲ್ಲವ್ನೆ, ಅದಕ್ಕೆ ಬಟನ್ ಬೇರೆ ಕೇಡು" ಎಂದಳು ಕಾರ್ಯದರ್ಶಿ, ಅಳತೆಯಿಂದ ಕಣ್ಣು ತೆಗೆಯದೆ. ಎಲ್ಲರೂ ನಕ್ಕರು. ಸಾಲಿನ ಕೊನೆಯಲ್ಲಿದ್ದ ಒಬ್ಬಳು ಮಾತ್ರ ನಗಲಿಲ್ಲ. ಅವಳ ಕೈಯಲ್ಲಿ ಸಣ್ಣ ಸ್ಟೀಲ್ ಪಾತ್ರೆ ಇತ್ತು. ಹಸು ಕಳೆದುಕೊಂಡವಳು ಅವಳೇ ಎಂದು ಕಾರ್ಯದರ್ಶಿ ಮೆಲ್ಲಗೆ ಹೇಳಿದಳು, ಕರುವಿಗೆಂದು ಹಾಲು ಕೇಳಿಕೊಂಡು ಹೋಗಲು ಬಂದಿದ್ದಳು.

ಅವಳ ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಅವಳು ಕೂಗಾಡಲಿಲ್ಲ.

"ಬಿದ್ದಿದ್ದು ಅಸ ಕಣವ್ವ, ಫೋನಲ್ಲ. ನಿಮ್ ಗಾಡಿ ಫೋನಿದ್ದ ಜಾಗಕ್ಕೆ ಬಂದು ನಿಂತ್ಕಂತು. ನನ್ ಫೋನಿಗೆ ಸೂಜಿ ಚುಚ್ಚಿ ಅಂತ ಕೇಳಿದ್ನಾ ನಾನು?"

ಅವಳು ಪಾತ್ರೆ ತುಂಬಿಸಿಕೊಂಡು ಏರಿ ಇಳಿದು ಹೋದಳು. ಬಸ್ಸಿಗೆ ಇನ್ನೂ ಸಮಯವಿತ್ತು. ಬಸ್ ನಿಲ್ದಾಣದ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದೆ. ಯಾರೊಂದಿಗಾದರೂ ಮಾತಾಡಬೇಕು ಅನ್ನಿಸಿ ಫೋನು ತೆಗೆದೆ. ಯಾರಿಗೆ ಮಾಡುವುದೆಂದು ತಿಳಿಯದೆ ಚೀಲದಲ್ಲಿ ಇಟ್ಟೆ.

ಕೋಣೆಗೆ ಮರಳಿ ಮೊದಲು ಮಾಡಿದ ಕೆಲಸವೆಂದರೆ ಮೂರು ತಾಲ್ಲೂಕಿನ ಕರೆಗಳನ್ನೂ ಎರಡು ಗುಂಪು ಮಾಡಿದ್ದು. ನಡೆಯಬಲ್ಲ ಹಸುವಿನವು ಒಂದು ಕಡೆ, ಬಿದ್ದ, ಕರು ಸಿಕ್ಕಿಕೊಂಡ, ಏಳಲಾಗದ ಹಸುವಿನವು ಇನ್ನೊಂದು ಕಡೆ. ಎಲ್ಲವನ್ನೂ ಸೇರಿಸಿ ನೋಡಿದಾಗ ಚನ್ನರಾಯಪಟ್ಟಣ ಮುಂದಿತ್ತು, ಏಕೆಂದರೆ ಹೆಚ್ಚಿನ ಕರೆಗಳು ಇಂಜೆಕ್ಷನ್ನಿನವು. ಆ ಹಸುಗಳು ತಾವೇ ನಡೆದು ಡೈರಿಗೆ ಬಂದಿರುತ್ತಿದ್ದವು. ಎರಡನೆಯ ಗುಂಪು ಮಾತ್ರ ನೋಡಿದರೆ ಚನ್ನರಾಯಪಟ್ಟಣದ ವ್ಯಾನು ಮತ್ತೆ ಮತ್ತೆ ಬಾಗಿಲು ಹಾಕಿದ ಡೈರಿಯ ಮುಂದೆ ನಿಂತಿತ್ತು. ಎಲ್ಲಿ ವ್ಯಾನು ನಿಜವಾಗಿ ಬೇಕೋ ಅಲ್ಲೇ ಅದು ಎಡವುತ್ತಿತ್ತು. ಹೊಳೆನರಸೀಪುರದಲ್ಲೂ ಅದೇ ತಪ್ಪು ಇರಬೇಕಿತ್ತು. ಅಲ್ಲಿನ ಡ್ರೈವರು ಪುಟವನ್ನು ನಂಬದೆ ಹೊರಡುವ ಮುಂಚೆ ಎಲ್ಲರಿಗೂ ಫೋನು ಮಾಡುವವನಾದ್ದರಿಂದ ಅದು ಹೊರಗೆ ಬಂದಿರಲಿಲ್ಲ.

ಅರಕಲಗೂಡಿನಲ್ಲಿ ಎರಡನೆಯ ಗುಂಪಿನಲ್ಲಿ ಒಂದೂ ತಪ್ಪಿರಲಿಲ್ಲ. ಗೊರೂರಿನವಳನ್ನು ಪರದೆಗೆ ಕರೆದೆ.

"ಹಸು ಎಲ್ಲಿದೆ ಅಂತ ಕೇಳೋ ಪ್ರಶ್ನೆ ನಿನಗೆ ಹೊಳೆದದ್ದು ಹೇಗಮ್ಮ?"

"ಹೊಳೆಯೋದೇನು ಮೇಡಂ? ನಕ್ಷೆ ಮುಚ್ಕೊಳ್ಳಲಿಲ್ಲ, ಅದಕ್ಕೇ ಹಾಕ್ದೆ."

"ಬಿಡಿಸಿ ಹೇಳು."

"ವ್ಯಾನು ಕಳಿಸೋಕೆ ಹಸುವಿನ ಜಾಗ ಖಚಿತವಾಗಿ ಬೇಕು ಅಂತ ನೀವೇ ಬರೆದಿದ್ರಿ. ನನ್ನ ಹತ್ರ ಇದ್ದದ್ದು ಫೋನಿನ ಜಾಗ. ಫೋನು ಹೇಳಿದ್ದು, ಹಸು ಹೇಳಿದ್ದಲ್ಲ. ಅದರ ಬಾಲದಲ್ಲಿ 'ಊಹೆ' ಅಂತ ಬಂತು. ಊಹೆಯಿಂದ ಖಚಿತಕ್ಕೆ ಗೆರೆ ಎಳೆಯೋಕೆ ಬಿಡಲ್ಲ ಈ ಪದ್ಧತಿ. ಮಧ್ಯೆ ಏನಾದ್ರೂ ಇಡಲೇಬೇಕು. ಪ್ರಶ್ನೆ ಇಟ್ಟೆ. ಅವರು ಡೈರೀಲಿ ಇರುವಾಗ್ಲೇ ಕೇಳ್ಬೇಕು, ಆಮೇಲೆ ಸಿಗ್ನಲ್ ಇರಲ್ಲ, ಎಷ್ಟು ಹೊತ್ತು ನಂಬಬಹುದು ಅನ್ನೋ ಬಾಲ ಬರೆಯುವಾಗ ಅದೂ ಗೊತ್ತಾಯ್ತು."

ಅವಳಿಗೆ ಹಸುವಿನ ವಿಷಯ ಹೇಳಿದೆ. "ನಮ್ಮನೇಲೂ ಒಂದು ಹಂಗೇ ಹೋಗಿತ್ತು ಮೇಡಂ" ಎಂದಳು. ಪರದೆ ಕಪ್ಪಾಯಿತು.

ಮುಖ್ಯಸ್ಥನಿಗೆ ಎರಡು ಗುಂಪಿನ ಪಟ್ಟಿ ತೋರಿಸಿದೆ. ಅವನು ದಡ್ಡನಲ್ಲ. ಹಸು ಹೋದದ್ದಕ್ಕೆ ಅವನಿಗೂ ಬೇಜಾರಾಗಿತ್ತು, ಆ ಹೆಂಗಸಿಗೆ ಸಂಸ್ಥೆಯಿಂದ ಹಸು ಕೊಡಿಸುವ ವ್ಯವಸ್ಥೆಯನ್ನು ಆಗಲೇ ಮಾಡಿದ್ದ.

"ಸರಿ ಮೇಡಂ, ಅರಕಲಗೂಡಿನ ಆ ಪ್ರಶ್ನೇನ ಚನ್ನರಾಯಪಟ್ಟಣದ ಪುಟಕ್ಕೂ ಸೇರಿಸಿದ್ರೆ ಮುಗೀತಲ್ಲ? ಒಂದು ಮಧ್ಯಾಹ್ನದ ಕೆಲಸ."

"ಸೇರಿಸಬಹುದು."

"ಆಗ ಪುಟದ ಪದ್ಧತಿ ಎಲ್ಲಾ ಕಲಮಲ್ಲೂ ಮುಂದು. ಓದೋಕೆ ಸುಲಭ, ಬೇಗ ಆಗ್ತದೆ, ಕಲಿಸೋಕೆ ನೀವಿದೀರ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ರಶ್ನೆ ಸೇರಿಸಲು ಹೇಳಿದೆ. ಚನ್ನರಾಯಪಟ್ಟಣದ ವ್ಯಾನು ಸರಿಯಾದ ಕೊಟ್ಟಿಗೆಗೆ ಹೋಗತೊಡಗಿತು. ವರದಿಯ ಕೊನೆಯ ಪುಟವನ್ನು ಹಾಗೆಯೇ ತಿದ್ದಿ ಬರೆದೆ. ಸಹಿ ಮಾಡುವುದೊಂದು ಬಾಕಿ. ಹಾಲ್‌ಗೆ ಹೋಗಿ ಮೊದಲ ಬೆಂಚಿನಲ್ಲಿ ಕೂತೆ. ಕಪ್ಪು ಹಲಗೆ ಹಾಕಬೇಕಾದ ಗೋಡೆ ಎದುರಿಗಿತ್ತು. ಆ ತರಗತಿ ನನಗೆ ಎಷ್ಟು ಬೇಕಾಗಿತ್ತೆಂದು ಆವತ್ತು ನನಗೇ ಸ್ಪಷ್ಟವಾಯಿತು. ಬೆಳಿಗ್ಗೆ ಒಳಗೆ ಬಂದಾಗ ಮಕ್ಕಳು ಎದ್ದು ನಿಲ್ಲುವ ಸದ್ದು, ಹೇಳಿದ್ದು ಅರ್ಥವಾಗದೆ ಒಬ್ಬ ಕೈ ಎತ್ತುವುದು, ಅಷ್ಟಕ್ಕಾಗಿ ನಾನು ಬಹಳ ಕೊಡಲು ತಯಾರಿದ್ದೆ. ಅಷ್ಟು ಬೇಕಾಗಿರುವವಳು ಅಳೆದದ್ದನ್ನು ಹಾಗೆಯೇ ನಂಬಬಹುದೇ ಎಂಬ ಅನುಮಾನ ಬಂದದ್ದೂ ಅಲ್ಲೇ.

ಆದ್ದರಿಂದ ಇನ್ನೊಂದು ಪರೀಕ್ಷೆ ಇಟ್ಟೆ. ಮೂವರೂ ಇದುವರೆಗೆ ಕಾಣದ ಒಂದು ಬದಲಾವಣೆ: ಹಸುವಿನ ಹಿಂದಿನ ಚಿಕಿತ್ಸೆಗಳು ಡಾಕ್ಟರ ಪುಟದಲ್ಲಿ ಬರಬೇಕು, ಕೊಟ್ಟ ಔಷಧಿಯನ್ನೇ ಮತ್ತೆ ಕೊಡದ ಹಾಗೆ. ಇಷ್ಟೇ ಬರೆದು ಕಳಿಸಿದೆ. ಡೈರಿಯಲ್ಲಿ ನಾನು ಇನ್ನೂ ಒಂದನ್ನು ನೋಡಿದ್ದೆ. ಓದಲು ಬಾರದವರ ಪರವಾಗಿ ಕಾರ್ಯದರ್ಶಿಯೇ ತನ್ನ ಫೋನಿನಲ್ಲಿ ಒತ್ತುತ್ತಿದ್ದಳು. ಒತ್ತಿದವಳು ಒಬ್ಬಳು, ಹಸುವಿನ ಒಡತಿ ಇನ್ನೊಬ್ಬಳು. ಅದನ್ನು ಪತ್ರದಲ್ಲಿ ಬರೆಯಲಿಲ್ಲ.

ಪುಟದ ಪದ್ಧತಿಯವನು ಬೇಗ ಮುಗಿಸಿದ. ಫೋನು ಯಾರದೋ ಅವರ ಹಸುವಿನ ಚಿಕಿತ್ಸೆ ಬರುವಂತೆ ಮಾಡಿದ್ದ. ಕಾರ್ಯದರ್ಶಿಯ ಫೋನಿನಿಂದ ಹತ್ತು ಮನೆಯ ಹಸುಗಳಿಗೆ ಕರೆ ಬಂದರೆ ಹತ್ತಕ್ಕೂ ಕಾರ್ಯದರ್ಶಿಯ ಹಸುವಿನ ಚರಿತ್ರೆ. ನಿಯಮದ ಪದ್ಧತಿಯವನೂ ಹಾಗೆಯೇ. ಇಬ್ಬರೂ ಜಾಣರು. ಅವರ ನಕ್ಷೆಯಲ್ಲಿ ಅವರನ್ನು ತಡೆದು ನಿಲ್ಲಿಸುವಂಥದ್ದು ಏನೂ ಇರಲಿಲ್ಲ, ಅಷ್ಟೆ. ಗೊರೂರಿನವಳಿಂದ ಸಂಜೆಯಾದರೂ ಕೆಲಸ ಬರಲಿಲ್ಲ, ಪ್ರಶ್ನೆ ಬಂತು: "ಮೇಡಂ, ಒತ್ತಿದವರೇ ಹಸುವಿನವರು ಅಂತ ಹೇಳಿದ್ದು ಯಾರು?"

ಪ್ರಶ್ನೆಯೊಂದನ್ನು ಒಂದು ನಕ್ಷೆಯಿಂದ ಇನ್ನೊಂದಕ್ಕೆ ನಕಲು ಮಾಡಬಹುದು. ಕೇಳುವ ಅಭ್ಯಾಸವನ್ನು ನಕಲು ಮಾಡಲು ಬರುವುದಿಲ್ಲ. ಮುಂದಿನ ತಪ್ಪು ಯಾವುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದಿದ್ದಾಗ, ಗೊತ್ತಿಲ್ಲ ಎಂದು ನೆನಪಿಸುವ ಪದ್ಧತಿಯೇ ಬೇಕು. ಕೊನೆಯ ಪುಟ ಹರಿದು ಹೊಸದಾಗಿ ಬರೆದೆ. ಮೂರನೆಯ ಪದ್ಧತಿ ನಿಧಾನ, ಓದಲು ಕಷ್ಟ, ಜನರಿಗೆ ಆರಂಭದಲ್ಲಿ ಕಿರಿಕಿರಿ, ಇವೆಲ್ಲವನ್ನೂ ಹಾಗೆಯೇ ಇಟ್ಟು, ಅದನ್ನೇ ಇಟ್ಟುಕೊಳ್ಳಿ ಎಂದು ಬರೆದು ಸಹಿ ಮಾಡಿದೆ.

ಮುಖ್ಯಸ್ಥ ನನ್ನೆದುರಿಗೇ ಕೂತು ಪೂರ್ತಿ ಓದಿದ. ಕೊಟ್ಟ ಮಾತು ತಪ್ಪಲಿಲ್ಲ.

"ಒಪ್ಕೋತೀನಿ ಮೇಡಂ. ನೀವು ಹೇಳಿದ್ದು ಸರಿ. ಆದ್ರೆ ತರಗತಿ..." ಎಂದು ನಿಲ್ಲಿಸಿದ.

"ಹೇಳಪ್ಪ."

"ಈ ಪದ್ಧತಿ ಹೊಸಬರಿಗೆ ಕಲಿಸೋಕಾಗಲ್ಲ. ಅನುಭವ ಇರೋ ಇನ್ನಿಬ್ಬರನ್ನ ತಗೊಂಡು ಗೊರೂರಿನವಳ ಕೈಕೆಳಗೆ ಹಾಕ್ತೀನಿ. ತರಗತಿ ಸದ್ಯಕ್ಕೆ ಬೇಡ."

"ನಾನೇ ಇದನ್ನ ಕಲಿತು ಕಲಿಸಿದ್ರೆ?"

ಅವನು ವರದಿಯ ಹಾಳೆಗಳನ್ನು ಜೋಡಿಸಿ ಅಂಚು ಸರಿಮಾಡಿದ.

"ಕಾಫಿ ತರಿಸ್ಲಾ ಮೇಡಂ?"

ಕಾಫಿ ಕುಡಿದೆವು. ಅವನ ಮಗಳ ಓದಿನ ವಿಷಯ ಮಾತಾಡಿದೆವು. ಮಾರನೆಯ ದಿನ ಕೋಣೆಯ ಬೀಗದ ಕೈ ದಾಸ್ತಾನಿನವನಿಗೆ ಒಪ್ಪಿಸಿದೆ. ಹಾಲ್‌ಗೆ ಔಷಧಿ ಪೆಟ್ಟಿಗೆಗಳು ಬರಲಿವೆ ಎಂದು ಅವನು ಹೇಳಿದ. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸುವುದಕ್ಕೆ ಒಂದು ಕಡೆ ಹಿಡಿದುಕೊಟ್ಟೆ.

ಆಮೇಲಿನ ದಿನಗಳಲ್ಲಿ ಎಂಟು ಗಂಟೆಗೆ ತಯಾರಾಗುವುದನ್ನು ನಾನು ಬಿಡಲಿಲ್ಲ. ಬಿಟ್ಟರೆ ಉಳಿದ ದಿನ ಎಲ್ಲಿಂದ ಶುರುಮಾಡುವುದೆಂದು ತಿಳಿಯುವುದಿಲ್ಲ. ಫೋನು ಬರುವುದು ನಿಂತಿತು. ಗೊರೂರಿನವಳು ಒಂದೆರಡು ಸಲ ಏನೋ ಕೇಳಿ ಬರೆದಿದ್ದಳು, ಆಮೇಲೆ ಕೇಳುವ ಅಗತ್ಯ ಬೀಳಲಿಲ್ಲವೆಂದು ಕಾಣುತ್ತದೆ. ಅದು ಒಳ್ಳೆಯ ಲಕ್ಷಣ ಎಂದುಕೊಂಡೆ.

ಕೆಲವು ತಿಂಗಳ ನಂತರ ನೆಂಟರ ಮನೆಯ ನಾಮಕರಣಕ್ಕೆಂದು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ಕ್ರಾಸಿನಲ್ಲಿ ಜನ ಇಳಿಸಲು ಬಸ್ಸು ನಿಂತಿತು. ರಸ್ತೆ ಪಕ್ಕ ಹುಣಸೆ ಮರದ ಕೆಳಗೆ ಸಂಸ್ಥೆಯ ವ್ಯಾನಿತ್ತು. ಡ್ರೈವರು ಹೊಸಬ, ಕೆಳಗಿಳಿದು ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ.

"ಅಮ್ಮಾ, ನೀವೆಲ್ಲಿದ್ದೀರ ಅಂತಲ್ಲ ಕಣಮ್ಮೋ ನಾನು ಕೇಳಿದ್ದು. ನೀವು ಡೈರಿ ತಾವ ಇರೋದು ಇಲ್ಲಿ ಕಾಣ್ತಾ ಅದೆ. ಅಸ ಎಲ್ಲದೆ? ಗೊತ್ತಿಲ್ಲ ಅಂತ ಒತ್ತಿದ್ದೀರಲ್ಲ... ಅಂಗಾರೆ ಅಲ್ಲೇ ಇರೋ ಅಸಿನೋರ್ನ ಕೇಳಿ ಏಳಿ. ಡೈರಿ ಬುಟ್ಟು ಓಗ್ಬೇಡಿ, ಲೈನ್ ಕಟ್ಟಾಯ್ತದೆ... ಆಂ? ತ್ವಾಟದ ತಾವ? ಪಂಪ್‌ಸೆಟ್ ಪಕ್ಕ? ಸರಿ, ಬಂದೋ."

ಫೋನು ಜೇಬಿಗೆ ಹಾಕುವಾಗ ಅವನು ತಲೆಯೆತ್ತಿದ. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಅವನನ್ನೇ ನೋಡುತ್ತಿದ್ದೆ.

"ಏನಜ್ಜಿ, ಯಾರ್ ಬೇಕಾಗಿತ್ತು?"

"ಯಾರೂ ಇಲ್ಲಪ್ಪ. ಬೇಗ ಹೊರಡು" ಎಂದೆ.

ವ್ಯಾನು ಮಣ್ಣಿನ ದಾರಿಗೆ ತಿರುಗಿಕೊಂಡಿತು. ನಮ್ಮ ಬಸ್ಸು ನೇರ ಹೋಯಿತು.